ಅಲಾರಂ ಇದ್ದ ಮನೆಯಲ್ಲೂ ಉಳಿಯುವ ಕಂಡಿಗಳು: ಅರ್ಧ ದಿನದಲ್ಲಿ ನೀವೇ ಹುಡುಕಿ ಮುಚ್ಚುವ ಬಗೆ

"ಮನೆಗೆ ಅಲಾರಂ ಹಾಕಿಸ್ಬೇಕು ಅಂತಿದೀವಿ, ಯಾವ ಕಂಪನೀದು ಒಳ್ಳೇದು?" ಈ ಪ್ರಶ್ನೆ ಮೈಸೂರಿನ ಕುವೆಂಪುನಗರದಿಂದಲೂ ಬರುತ್ತದೆ, ಮಂಡ್ಯದ ಸುಭಾಷ್‌ನಗರದಿಂದಲೂ ಬರುತ್ತದೆ. ಈಗಾಗಲೇ ಹಾಕಿಸಿದವರು ಕೇಳುವುದು ಇನ್ನೊಂದು: "ಅಲಾರಂ ಇದೆ, ನಾಲ್ಕು ಕ್ಯಾಮೆರಾ ಇದೆ, ಇನ್ನು ನಿಶ್ಚಿಂತೆ ತಾನೆ?" 14 ವರ್ಷದಿಂದ ಈ ಎರಡು ಜಿಲ್ಲೆಗಳ ಮನೆಗಳಲ್ಲಿ ಇದೇ ವಯರಿಂಗ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಅಲಾರಂ ಇದ್ದೂ ಕಳವಾದ ಮನೆಗಳನ್ನು ನೋಡಿದ್ದೇನೆ. ಅಲ್ಲೆಲ್ಲ ಯಂತ್ರ ಚೆನ್ನಾಗಿಯೇ ಇತ್ತು. ಕಂಡಿ ಬಿದ್ದದ್ದು ಬೇರೆ ಕಡೆ. ಮನೆಯವರು ಮೇನ್ ಆಫ್ ಮಾಡಿ ಊರಿಗೆ ಹೋಗಿದ್ದರು. ಅಲಾರಂ ಪೆಟ್ಟಿಗೆಯೊಳಗಿನ ಸಿಮ್ಮಿಗೆ ರೀಚಾರ್ಜ್ ಮಾಡಿರಲಿಲ್ಲ. ತಾರಸಿ ಬಾಗಿಲಿಗೆ ಸೆನ್ಸರೇ ಇರಲಿಲ್ಲ. ಅಥವಾ ಸೈರನ್ ಕೂಗಿಕೊಂಡಿತು, ಯಾರೂ ಹೊರಗೆ ಬರಲಿಲ್ಲ.

ಅಲಾರಂ ಕಳ್ಳನ ಕೈ ಹಿಡಿಯುವುದಿಲ್ಲ, ಕೂಗಿ ಹೇಳುತ್ತದೆ ಅಷ್ಟೆ. ಅದು ಕೂಗಿದ ಗಳಿಗೆಯಿಂದ ಯಾರಾದರೂ ಬಂದು ಗೇಟಿನ ಮುಂದೆ ನಿಲ್ಲುವವರೆಗೂ ಬಾಗಿಲು ತಡೆದುಕೊಳ್ಳಬೇಕು. ಹಾಗಾಗಿ ಲೆಕ್ಕ ಇರುವುದು ಎರಡೇ: ಒಳನುಗ್ಗಿ, ಬೀರು ಒಡೆದು, ಹೊರಬೀಳಲು ಕಳ್ಳನಿಗೆ ಎಷ್ಟು ನಿಮಿಷ ಬೇಕು, ಕೂಗು ಕೇಳಿ ಜನ ಬರಲು ಎಷ್ಟು ನಿಮಿಷ ಬೇಕು. ಮೊದಲನೆಯದನ್ನು ಹಿಗ್ಗಿಸಬೇಕು, ಎರಡನೆಯದನ್ನು ಕುಗ್ಗಿಸಬೇಕು. ಕೆಳಗಿನ ಪ್ರತಿ ಹಂತವನ್ನೂ ಈ ಲೆಕ್ಕ ಇಟ್ಟುಕೊಂಡೇ ಓದಿ.

ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು: ಟಾರ್ಚು, ಅಳತೆ ಟೇಪು, ಸ್ಕ್ರೂಡ್ರೈವರ್, ಒಂದು ಏಣಿ, ನೋಟ್‌ಬುಕ್ಕು, ಅಲಾರಂ ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆ, ಜೊತೆಗೊಬ್ಬರು ಮನೆಯವರು. ಭಾನುವಾರ ಬೆಳಿಗ್ಗೆ ಶುರುಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ರಿಪೇರಿಗೆ ಆಚಾರರನ್ನೋ ವೆಲ್ಡಿಂಗ್‌ನವರನ್ನೋ ಕರೆಸುವುದು ಆಮೇಲೆ.

ಹಂತ 1: ಹೊರಗಿನಿಂದ ಒಂದು ಸುತ್ತು

ಮನೆಯ ಒಳಗಿನಿಂದ ಶುರುಮಾಡಬೇಡಿ. ಎಲ್ಲ ಬಾಗಿಲೂ ಹಾಕಿ, ರಸ್ತೆಯ ಆಚೆ ಬದಿಯಲ್ಲಿ ನಿಂತು ನಿಮ್ಮ ಮನೆಯನ್ನು ನೋಡಿ. ಬೀದಿಗೆ ಕಾಣದ ಜಾಗ ಯಾವುದು? ಪಕ್ಕದ ಖಾಲಿ ಸೈಟಿನಲ್ಲಿ ಗಿಡಗಂಟಿ ಬೆಳೆದಿದೆಯೆ? ದಟ್ಟಗಳ್ಳಿ, ಬೋಗಾದಿ ಕಡೆಯ ಬಡಾವಣೆಗಳಲ್ಲಿ ಎರಡು ಮನೆ, ಒಂದು ಖಾಲಿ ಸೈಟು ಎನ್ನುವಂತೆ ಇರುತ್ತದೆ. ಆ ಸೈಟಿನ ಕಡೆಯ ಗೋಡೆಯೇ ನಿಮ್ಮ ಮನೆಯ ನಿಜವಾದ ಮುಂಬಾಗಿಲು ಎಂದುಕೊಳ್ಳಿ. ಮಂಡ್ಯದ ಹಳ್ಳಿಗಳಲ್ಲಿ ಹಿತ್ತಿಲಿಗೆ ತಾಗಿಕೊಂಡೇ ಕಬ್ಬಿನ ಗದ್ದೆ. ಕಬ್ಬು ಆಳೆತ್ತರ ಬೆಳೆದ ತಿಂಗಳುಗಳಲ್ಲಿ ಅಲ್ಲಿ ಯಾರು ಕೂತಿದ್ದರೂ ಕಾಣುವುದಿಲ್ಲ. ಕಟಾವಿನ ತನಕ ಹಿತ್ತಿಲ ದೀಪ ರಾತ್ರಿಯಿಡೀ ಉರಿಯಲಿ.

ಆಮೇಲೆ ಕಾಂಪೌಂಡಿನ ಒಳಗೆ ಒಂದು ಸುತ್ತು ಬನ್ನಿ. ಮೇಲೆ ಹತ್ತಲು ಸಹಾಯವಾಗುವುದೆಲ್ಲ ಬರೆದುಕೊಳ್ಳಿ: ಗೋಡೆಗೆ ಒರಗಿಸಿಟ್ಟ ಏಣಿ, ಸಂಪಿನ ಪಕ್ಕದ ಸಿಂಟೆಕ್ಸ್, ಮಾವಿನ ಕೊಂಬೆ, ಮಳೆನೀರಿನ ಪೈಪು, ಪಕ್ಕದ ಮನೆಯ ಮೆಟ್ಟಿಲು. ಹಾರೆ, ಪಿಕಾಸಿ, ಗುದ್ದಲಿಗಳನ್ನು ಹಿತ್ತಿಲಲ್ಲೇ ಬಿಟ್ಟಿದ್ದರೆ ಈಗಲೇ ಒಳಗಿಡಿ. ನಿಮ್ಮ ಬಾಗಿಲನ್ನು ನಿಮ್ಮದೇ ಹಾರೆಯಿಂದ ಮೀಟುವಂತಾಗಬಾರದು.

ರಾತ್ರಿಯ ಭಯವೊಂದನ್ನೇ ಇಟ್ಟುಕೊಂಡು ನೋಡಬೇಡಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಬ್ರಿಟಿಷ್ ಸೇನೆ ನುಗ್ಗಿದ್ದು ಫಿರಂಗಿ ಕೊರೆದ ಒಂದು ಕಂಡಿಯಿಂದ, ಅದೂ ನಡುಹಗಲಿನಲ್ಲಿ, ಕಾವಲು ಸಡಿಲವಿದ್ದ ಹೊತ್ತಿನಲ್ಲಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ ಕಾವಲು ಯಾರು ಎಂದು ಕೇಳಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅಲಾರಂ ಆನ್ ಆಗುವುದೇ ರಾತ್ರಿ ಮಲಗುವಾಗ.

ಹಂತ 2: ಬಾಗಿಲು

ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಜನ ದುಬಾರಿ ಬೀಗಕ್ಕೆ ದುಡ್ಡು ಹಾಕುತ್ತಾರೆ. ಆದರೆ ಹಾರೆಯಿಂದ ಮೀಟಿದಾಗ ಕಿತ್ತುಬರುವುದು ಬೀಗವಲ್ಲ, ಬೀಗ ಕೂತಿರುವ ಮರ ಮತ್ತು ಸ್ಕ್ರೂ.

ಮುಂಬಾಗಿಲಿನ ಹೊರಗಡೆ ಇರುವ ಅಲ್ಡ್ರಾಪ್ ನೋಡಿ. ಅಲ್ಡ್ರಾಪ್ ಎಂದರೆ ಬೀಗ ಹಾಕಲು ಕೊಂಡಿ ಇರುವ, ಅಡ್ಡಕ್ಕೆ ಜಾರುವ ದಪ್ಪ ಕಬ್ಬಿಣದ ಚಿಲಕ. ಅದನ್ನು ಹಿಡಿದಿರುವ ಸ್ಕ್ರೂಗಳ ತಲೆ ಹೊರಗಿನಿಂದ ಕಾಣುತ್ತಿದ್ದರೆ ಸ್ಕ್ರೂಡ್ರೈವರ್ ಇದ್ದವನಿಗೆ ಬೀಗ ಮುಟ್ಟುವ ಕೆಲಸವೇ ಇಲ್ಲ. ಸ್ಕ್ರೂ ತೆಗೆಸಿ, ಬಾಗಿಲಿನ ಆರಪಾರ ಹೋಗುವ ಬೋಲ್ಟ್ ಹಾಕಿಸಿ, ನಟ್ಟು ಮನೆಯ ಒಳಗಡೆ ಬರುವಂತೆ ಬಿಗಿಸಿ. ಬೋಲ್ಟಿನ ಹೊರತಲೆ ದುಂಡಗಿರಬೇಕು, ಸ್ಪ್ಯಾನರಿಗೆ ಹಿಡಿತ ಸಿಗಬಾರದು. ಇದಕ್ಕೆ ಆಗುವ ಖರ್ಚು ಒಂದು ಸೆನ್ಸರಿನ ಬೆಲೆಗಿಂತ ಕಡಿಮೆ.

ಇನ್ನು ಚೌಕಟ್ಟು. ಚಿಲಕದ ನಾಲಗೆ ಹೋಗಿ ಕೂರುವ ತೂತಿನ ಸುತ್ತ ಎಷ್ಟು ಮರ ಉಳಿದಿದೆ, ಅಲ್ಲಿರುವ ತಗಡನ್ನು ಎಷ್ಟು ಉದ್ದದ ಸ್ಕ್ರೂ ಹಿಡಿದಿದೆ ಎಂದು ಒಂದನ್ನು ಬಿಚ್ಚಿ ನೋಡಿ. ಬಹಳಷ್ಟು ಮನೆಗಳಲ್ಲಿ ಅರ್ಧ ಇಂಚಿನದು ಇರುತ್ತದೆ. 3 ಇಂಚಿನ ಸ್ಕ್ರೂ ಹಾಕಿದರೆ ಅದು ಚೌಕಟ್ಟಿನ ಮರದೊಳಕ್ಕೆ ಆಳವಾಗಿ ಕಚ್ಚಿಕೊಳ್ಳುತ್ತದೆ. ಕೀಲುಗಳಿಗೂ ಇದೇ ಮಾತು. ಹೊರಕ್ಕೆ ತೆರೆಯುವ ಬಾಗಿಲಾದರೆ ಕೀಲಿನ ಕಡ್ಡಿ ಹೊರಗಡೆಯೇ ಇರುತ್ತದೆ. ಕಡ್ಡಿ ಎಳೆದರೆ ಬಾಗಿಲು ಬೀಗದ ಸಮೇತ ಕೈಗೆ ಬರುತ್ತದೆ. ಅಂಥ ಕೀಲಿನ ಕಡ್ಡಿಯ ತಲೆಗೆ ವೆಲ್ಡಿಂಗ್ ಚುಕ್ಕೆ ಹಾಕಿಸಿ.

ಅಗ್ರಹಾರ, ಒಂಟಿಕೊಪ್ಪಲು, ಲಕ್ಷ್ಮೀಪುರಂನಂಥ ಹಳೆಯ ಮೊಹಲ್ಲಾಗಳಲ್ಲಿ ಎರಡು ಹಲಗೆಯ ಜೋಡಿ ಬಾಗಿಲು ಇನ್ನೂ ಇದೆ. ಮರ ಗಟ್ಟಿ, ಕಾಲ ಹಿಂದಿನದು, ಅದನ್ನು ತೆಗೆಸಬೇಡಿ. ಆದರೆ ಅದರ ಬಲವೆಲ್ಲ ಕದಲದೆ ನಿಲ್ಲುವ ಒಂದು ಹಲಗೆಯ ಮೇಲೆ, ಕೆಳಗೆ ಇರುವ ಚಿಲಕಗಳಲ್ಲಿದೆ. ಕೆಳಗಿನ ಚಿಲಕದ ತೂತು ಮಣ್ಣು ತುಂಬಿ ಆಳ ಕಳೆದುಕೊಂಡಿರುತ್ತದೆ, ಮೇಲಿನದನ್ನು ಹಾಕುವುದನ್ನೇ ಮನೆಯವರು ಮರೆತಿರುತ್ತಾರೆ. ಆಗ ಎರಡು ಹಲಗೆಯ ನಡುವೆ ಭುಜ ಕೊಟ್ಟರೆ ಬಾಗಿಲು ಬಾಯಿಬಿಡುತ್ತದೆ. ತೂತು ಕೆದಕಿ, ಎರಡೂ ಚಿಲಕ ಪೂರ್ತಿ ಇಳಿಯುವಂತೆ ಮಾಡಿ. ಒಳಗಿನಿಂದ ಅಡ್ಡಕ್ಕೆ ಹಾಕುವ ಮರದ ಅಗುಳಿ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ಪುಣ್ಯ, ದಿನವೂ ಬಳಸಿ.

ಹಿತ್ತಿಲ ಬಾಗಿಲಿಗೆ ಬನ್ನಿ. ಮುಂದೆ ತೇಗದ ಬಾಗಿಲು, ಹಿಂದೆ ಬಚ್ಚಲಮನೆಯ ಪಕ್ಕ ಟೊಳ್ಳು ಪ್ಲಾಸ್ಟಿಕ್ ಬಾಗಿಲು. ಇದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. "ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು" ಎಂಬ ಗಾದೆ ಹುಟ್ಟಿದ್ದೇ ಇಂಥ ಹಿಂಬಾಗಿಲಿನ ವಿಷಯಕ್ಕೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಅಲ್ಲಿಗೊಂದು ಕಬ್ಬಿಣದ ಗ್ರಿಲ್ ಗೇಟ್ ಹಾಕಿಸಿ. ಕ್ಯಾಮೆರಾ ಮುಂದಿನ ವರ್ಷ ಹಾಕಿಸಿದರೂ ನಡೆಯುತ್ತದೆ.

ಎಚ್ಚರಿಕೆ: ಮುಂಬಾಗಿಲಿಗೆ ಹೊರಗಿನಿಂದ ತೂಗುವ ದೊಡ್ಡ ಬೀಗ "ಮನೆಯಲ್ಲಿ ಯಾರೂ ಇಲ್ಲ" ಎಂದು ಬೀದಿಗೆಲ್ಲ ಹೇಳುತ್ತದೆ. ಬಾಗಿಲ ಹಲಗೆಯೊಳಗೇ ಕೂರುವ ಬೀಗ ಹಾಕಿಸಿದರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಹೊರಗಿನವರಿಗೆ ಗೊತ್ತಾಗದು. ಬಾಡಿಗೆ ಮನೆಗೆ ಬಂದವರು ಹಳೆಯ ಬೀಗವನ್ನೇ ಮುಂದುವರಿಸಬೇಡಿ, ಅದರ ನಕಲಿ ಕೀ ಎಷ್ಟು ಜನರ ಹತ್ತಿರ ಇದೆಯೋ ಮಾಲೀಕರಿಗೂ ಲೆಕ್ಕ ಇರುವುದಿಲ್ಲ. ಕೀಯನ್ನು ಹೂಕುಂಡದ ಕೆಳಗೆ, ಮೀಟರ್ ಬಾಕ್ಸಿನಲ್ಲಿ, ಚಪ್ಪಲಿ ಸ್ಟ್ಯಾಂಡಿನಲ್ಲಿ ಇಡುವ ಅಭ್ಯಾಸ ಇವತ್ತಿಗೇ ನಿಲ್ಲಲಿ.

ಹಂತ 3: ಕಿಟಕಿ, ತಾರಸಿ, ಹೆಂಚು

ಕಿಟಕಿಯ ಸರಳು ಗೋಡೆಯೊಳಕ್ಕೆ ಹೋಗಿದೆಯೋ ಅಥವಾ ಮರದ ಚೌಕಟ್ಟಿಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ಗ್ರಿಲ್ಲೋ ನೋಡಿ. ಎರಡನೆಯದಾದರೆ ಗೋಡೆಯೊಳಗೆ ಕಚ್ಚಿಕೊಳ್ಳುವ ಲಂಗರು ಬೋಲ್ಟ್ ಹೊಡೆಸಿ. ಜಾರುವ ಗಾಜಿನ ಕಿಟಕಿಗಳನ್ನು ಹಳಿಯಿಂದ ಮೇಲಕ್ಕೆತ್ತಿ ಕಳಚಬಹುದು. ಮುಚ್ಚಿದ ಹಲಗೆಯ ಹಿಂದೆ ಹಳಿಯಲ್ಲಿ ಒಂದು ಮರದ ಪಟ್ಟಿ ಇಟ್ಟರೆ ಜಾರುವುದಿಲ್ಲ, ಹಲಗೆಯ ಮೇಲಿನ ಸಂದಿಗೆ ಒಂದು ಸಣ್ಣ ಸ್ಕ್ರೂ ಹಾಕಿದರೆ ಎತ್ತಲೂ ಆಗದು.

ಮೆಟ್ಟಿಲ ತುದಿಯ ತಾರಸಿ ಬಾಗಿಲನ್ನು ಒಣಗಿದ ಬಟ್ಟೆ ತರಲು ಹೋಗುವಾಗಲೇ ಒಮ್ಮೆ ಸರಿಯಾಗಿ ನೋಡಿ. ಸಾಧಾರಣವಾಗಿ ತಗಡಿನದು, ಒಂದೇ ಸಣ್ಣ ಚಿಲಕ, ಬಿಸಿಲು ಮಳೆಗೆ ತುಕ್ಕು ಹಿಡಿದಿರುತ್ತದೆ. ಅಲಾರಂ ಹಾಕುವವರು ಏಣಿ ಹತ್ತುವ ಕಷ್ಟಕ್ಕೆ ಅಲ್ಲಿ ಸೆನ್ಸರ್ ಬಿಟ್ಟಿರುತ್ತಾರೆ. ಎರಡನ್ನೂ ಸರಿಮಾಡಿಸಿ. ಮಂಗಳೂರು ಹೆಂಚಿನ ಮನೆಯಾದರೆ ನಾಲ್ಕು ಹೆಂಚು ಸರಿಸಿ ಇಳಿಯುವುದು ಸುಲಭ, ಅಲ್ಲಿ ಬಾಗಿಲ ಸೆನ್ಸರ್ ಕೆಲಸಕ್ಕೆ ಬಾರದು. ಅಟ್ಟದ ಕೆಳಗೆ ಕಬ್ಬಿಣದ ಜಾಲರಿ ಅಥವಾ ನಡುಮನೆಯಲ್ಲಿ ಚಲನೆ ಹಿಡಿಯುವ ಸೆನ್ಸರ್ ಬೇಕು.

ಎಚ್ಚರಿಕೆ: ಎಲ್ಲ ಕಿಟಕಿಯನ್ನೂ ತೆರೆಯಲಾಗದಂತೆ ಬಿಗಿದುಬಿಡಬೇಡಿ. ಬೆಂಕಿ ಬಿದ್ದರೆ ಹೊರಬರಲು ಮಹಡಿಗೊಂದು ಗ್ರಿಲ್ಲಾದರೂ ಒಳಗಿನಿಂದ ಬೀಗ ತೆಗೆದು ತೆರೆಯುವಂತಿರಲಿ, ಅದರ ಕೀ ಎಲ್ಲಿದೆ ಎಂದು ಮಕ್ಕಳಿಗೂ ಗೊತ್ತಿರಲಿ. ಇನ್ನೊಂದು, ತೋಟದ ಮನೆಯವರಿಗೆ: ಕಾಂಪೌಂಡಿಗೋ ಬೇಲಿಗೋ ಮನೆಯ ಕರೆಂಟು ಕೊಡುವ ಯೋಚನೆ ಮಾಡಲೇಬೇಡಿ. ಅದು ಅಪರಾಧ. ಅದಕ್ಕೆ ಸಿಕ್ಕಿ ಸಾಯುವುದು ಕಳ್ಳನೇ ಆಗಬೇಕೆಂದಿಲ್ಲ, ಚೆಂಡು ಹುಡುಕಿಕೊಂಡು ಬಂದ ಹುಡುಗನೂ ಆಗಬಹುದು.

ಹಂತ 4: ಸೆನ್ಸರುಗಳ ಪರೀಕ್ಷೆ

ಈಗ ಅಲಾರಂ ವ್ಯವಸ್ಥೆಗೆ ಬರೋಣ. ಅದರಲ್ಲಿ ನಾಲ್ಕು ಭಾಗ: ನೋಡುವ ಸೆನ್ಸರುಗಳು, ಅವುಗಳ ಮಾತು ಕೇಳುವ ಪ್ಯಾನೆಲ್ ಎಂಬ ಪೆಟ್ಟಿಗೆ, ಕೂಗುವ ಸೈರನ್, ಫೋನಿಗೆ ಸುದ್ದಿ ಮುಟ್ಟಿಸುವ ಸಿಮ್ ಅಥವಾ ವೈಫೈ.

ಬಾಗಿಲ ಸೆನ್ಸರ್ ಎಂದರೆ ಚೌಕಟ್ಟಿನಲ್ಲಿ ಒಂದು ಸ್ವಿಚ್ಚು, ಹಲಗೆಯಲ್ಲಿ ಒಂದು ಅಯಸ್ಕಾಂತ. ಎರಡೂ ದೂರವಾದರೆ ಪ್ಯಾನೆಲ್‌ಗೆ ಸುದ್ದಿ. ಇದರ ಮಿತಿ ಏನೆಂದರೆ ಬಾಗಿಲು ತೆರೆದರೆ ಮಾತ್ರ ಹೇಳುತ್ತದೆ. ಹಲಗೆಯನ್ನೇ ಕೊರೆದರೆ, ಕಿಟಕಿ ಗಾಜು ಒಡೆದು ಒಳಬಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಮರದ ಬಾಗಿಲು ಊದಿಕೊಂಡು, ಬೇಸಿಗೆಯಲ್ಲಿ ಕುಗ್ಗಿ, ಸ್ವಿಚ್ಚು ಅಯಸ್ಕಾಂತಗಳ ನಡುವಿನ ಸಂದಿ ಬದಲಾಗುತ್ತದೆ. ಟೇಪಿನಲ್ಲಿ ಅಳೆಯಿರಿ. ಪುಸ್ತಿಕೆಯಲ್ಲಿ ಹೇಳಿದ ಅಂತರದ ಅಂಚಿಗೆ ಬಂದಿದ್ದರೆ ಗಾಳಿಗೆ ಬಾಗಿಲು ಅಲುಗಿದರೂ ಸುಳ್ಳು ಕೂಗು ಬರುತ್ತದೆ.

ಚಲನೆ ಹಿಡಿಯುವ ಸೆನ್ಸರ್ ಮೈಯ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದನ್ನು ಗುರುತಿಸುತ್ತದೆ. ಈ ಒಂದು ವಾಕ್ಯ ಅರ್ಥವಾದರೆ ಅದರ ಕುಂದುಗಳೆಲ್ಲ ಅರ್ಥವಾಗುತ್ತವೆ. ಅಡ್ಡ ನಡೆದವರನ್ನು ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬಂದವರನ್ನು ತಡವಾಗಿ. ಆದ್ದರಿಂದ ಬಾಗಿಲಿಗೆ ಮುಖಮಾಡಿ ಇಡುವುದಕ್ಕಿಂತ ಪಕ್ಕದ ಮೂಲೆಯಲ್ಲಿ, ಬರುವವರು ಅದರ ಎದುರು ಅಡ್ಡ ಹಾಯುವಂತೆ ಇಡಬೇಕು. ಎತ್ತರ ಏಳರಿಂದ ಎಂಟು ಅಡಿ. ಗಾಜಿನ ಆಚೆಯ ಶಾಖ ಅದಕ್ಕೆ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಮಂಡ್ಯದ ಬಿಸಿಲಿಗೆ ಮುಚ್ಚಿದ ಮನೆಯೊಳಗಿನ ಬಿಸಿ ಮೈಬಿಸಿಯ ಹತ್ತಿರಕ್ಕೇ ಬರುತ್ತದೆ. ಆಗ ಮನುಷ್ಯನಿಗೂ ಗೋಡೆಗೂ ವ್ಯತ್ಯಾಸ ಸಿಗದೆ ಅಗ್ಗದ ಸೆನ್ಸರ್ ಮಂಕಾಗುತ್ತದೆ. ಕೊಳ್ಳುವಾಗ ತಾಪಮಾನಕ್ಕೆ ತಕ್ಕಂತೆ ಹೊಂದಿಕೊಳ್ಳುವಂಥದ್ದು ಕೇಳಿ. ಪರೀಕ್ಷೆಯನ್ನು ಬೇಸಿಗೆಯ ಮಧ್ಯಾಹ್ನವೊಂದರಲ್ಲಿ ಇನ್ನೊಮ್ಮೆ ಮಾಡಿ.

ಪರೀಕ್ಷೆ ಹೀಗೆ: ಪ್ಯಾನೆಲ್ಲನ್ನು ಪರೀಕ್ಷಾ ಸ್ಥಿತಿಗೆ ಹಾಕಿ, ಮನೆಯವರೊಬ್ಬರು ಪ್ರತಿ ಬಾಗಿಲು, ಪ್ರತಿ ಕಿಟಕಿಯಿಂದ ಬೀರುವಿನವರೆಗೆ ನಿಧಾನವಾಗಿ ನಡೆಯಲಿ, ಆಮೇಲೆ ಗೋಡೆಗೆ ಆನಿಕೊಂಡು ನಡೆಯಲಿ, ಆಮೇಲೆ ತೆವಳಲಿ. ಯಾವ ದಾರಿಯಲ್ಲಿ ಸೆನ್ಸರಿನ ದೀಪ ಹತ್ತಲಿಲ್ಲವೋ ಅದನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಗುರುತು ಮಾಡಿ. ಸೆನ್ಸರ್ ಹಾಕಿಸಿದ ಮೇಲೆ ಅದರ ಮುಂದೆ ಹೊಸ ಬೀರುವೋ ಪರದೆಯೋ ಬಂದು ಕೂತಿರುವುದು ಆಗ ಬಯಲಾಗುತ್ತದೆ.

ಸುಳ್ಳು ಕೂಗನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಕಂಡಂತೆ ಅಲಾರಂಗಳನ್ನು ಸೋಲಿಸುವುದರಲ್ಲಿ ಇದೇ ಮುಂದು. ಸೆನ್ಸರಿನ ಮೇಲೆ ಹಲ್ಲಿ ಹರಿದಾಡುತ್ತದೆ, ಜೇಡ ಬಲೆ ಕಟ್ಟುತ್ತದೆ, ಬಿಸಿಲು ಬಿದ್ದ ಪರದೆ ಗಾಳಿಗೆ ಆಡುತ್ತದೆ, ದೇವರಮನೆಯ ದೀಪ ಓಲಾಡುತ್ತದೆ. ವಾರದಲ್ಲಿ ಮೂರು ಸಲ ಮಧ್ಯರಾತ್ರಿ ಕೂಗಿದರೆ ಅಕ್ಕಪಕ್ಕದವರು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ, ನಾಲ್ಕನೆಯ ವಾರ ನೀವೇ ಅದನ್ನು ಆಫ್ ಮಾಡಿಡುತ್ತೀರಿ. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಸೆನ್ಸರ್ ಒರೆಸಿ. ಗೋಡೆಗೂ ಸೆನ್ಸರಿಗೂ ನಡುವಿನ ಸಂದಿ, ವಯರ್ ತೂತು ಮುಚ್ಚಿಸಿ. ಕಿಟಕಿಯ ಬಿಸಿಲು, ದೇವರಮನೆಯ ದೀಪ ಎದುರಿಗೆ ಬಾರದಂತೆ ತಿರುಗಿಸಿ. ಇಷ್ಟಾದರೂ ಸುಳ್ಳು ಕೂಗು ನಿಲ್ಲದ ಮನೆಗೆ ಶಾಖ ಮತ್ತು ಮೈಕ್ರೋವೇವ್ ಅಲೆ ಎರಡನ್ನೂ ನೋಡಿ, ಎರಡೂ ಹೌದೆಂದರೆ ಮಾತ್ರ ಕೂಗುವ ಜೋಡಿ ಸೆನ್ಸರ್ ಒಳ್ಳೆಯದು.

ವಯರಿಲ್ಲದ ಅಗ್ಗದ ಸೆಟ್ಟುಗಳ ಬಗ್ಗೆ ಒಂದು ಮಾತು. ಇವುಗಳಲ್ಲಿ ಹೆಚ್ಚಿನವು 433 ಮೆಗಾಹರ್ಟ್ಸ್ ರೇಡಿಯೊ ಅಲೆಯಲ್ಲಿ ಮಾತಾಡುತ್ತವೆ, ರಿಮೋಟು ಪ್ರತಿ ಸಲವೂ ಅದೇ ಸಂಕೇತ ಕಳಿಸುತ್ತದೆ. ಅದನ್ನು ಒಮ್ಮೆ ಕದ್ದು ಕೇಳಿದವರು ಮತ್ತೆ ಅದನ್ನೇ ಬಳಸಿ ಅಲಾರಂ ಆಫ್ ಮಾಡಬಹುದು. ಒತ್ತಿದಾಗಲೆಲ್ಲ ಸಂಕೇತ ಬದಲಾಗುವ ರಿಮೋಟು ಇದೆಯೇ ಎಂದು ಅಂಗಡಿಯಲ್ಲಿ ಕೇಳಿ. ಇಲ್ಲವಾದರೆ ರಿಮೋಟು ಬಿಟ್ಟು ಪ್ಯಾನೆಲ್ಲಿನ ಅಂಕಿ ಒತ್ತಿಯೇ ಬಳಸಿ. ಆ ಅಂಕಿ 1234 ಆಗಿರಬಾರದು, ಮನೆ ನಂಬರೂ ಆಗಿರಬಾರದು. ವಯರಿಲ್ಲದ ಸೆನ್ಸರಿನೊಳಗೆ ಸೆಲ್ ಇರುತ್ತದೆ. ಹಾಕಿದ ದಿನಾಂಕವನ್ನು ಅದರ ಮೇಲೇ ಬರೆದಿಡಿ.

ಹಂತ 5: ಕರೆಂಟು

ಊರಿಗೆ ಹೊರಡುವಾಗ ಗ್ಯಾಸು ಆಫ್ ಮಾಡಿ, ನಲ್ಲಿ ತಿರುಗಿಸಿ, ಕೊನೆಗೆ ಮೇನ್ ಸ್ವಿಚ್ ಇಳಿಸಿ ಹೋಗುವುದು ನಮ್ಮ ಕಡೆ ಅಪ್ಪ ಅಮ್ಮನ ಕಾಲದಿಂದ ಬಂದ ಪದ್ಧತಿ. ಶಾರ್ಟ್ ಸರ್ಕ್ಯೂಟಿನ ಭಯಕ್ಕೆ ಅದು ಸರಿಯೇ. ಆದರೆ ಅಲಾರಂ ಇರುವ ಮನೆಯಲ್ಲಿ ಹಾಗೆ ಮಾಡಿದರೆ ವೈಫೈ ಸತ್ತಿತು, ಕ್ಯಾಮೆರಾ ಸತ್ತಿತು, ಅಲಾರಂ ಒಳಗಿನ ಬ್ಯಾಟರಿಯ ಮೇಲೆ ಒಂದೆರಡು ದಿನ ಉಸಿರಾಡಿ ಅದೂ ನಿಂತಿತು. ತಿರುಪತಿಯಿಂದ ಬರುವ ಹೊತ್ತಿಗೆ ಮನೆಗೆ ಕಾವಲೇ ಇಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ಅಲಾರಂ, ರೂಟರ್, ಕ್ಯಾಮೆರಾ ರೆಕಾರ್ಡರ್, ಒಂದು ಹೊರದೀಪ, ಇಷ್ಟಕ್ಕೇ ಪ್ರತ್ಯೇಕ ಎಂಸಿಬಿ ಹಾಕಿಸಿ. ಎಂಸಿಬಿ ಎಂದರೆ ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್ಚು. ಊರಿಗೆ ಹೋಗುವಾಗ ಉಳಿದವನ್ನೆಲ್ಲ ಇಳಿಸಿ, ಇದೊಂದನ್ನು ಬಿಡಿ. ಅದಕ್ಕೆ ಕೆಂಪು ಬಣ್ಣ ಬಳಿದಿಟ್ಟರೆ ಅವಸರದಲ್ಲಿ ಮರೆಯುವುದಿಲ್ಲ.

ಮೀಟರ್ ಬೋರ್ಡ್ ಮನೆಯ ಹೊರಗೆ, ಗೇಟಿನ ಪಕ್ಕದಲ್ಲೇ ಇದ್ದು ಅದರ ಪಕ್ಕದಲ್ಲೇ ಮೇನ್ ಸ್ವಿಚ್ಚೂ ಇದ್ದರೆ, ಯಾರು ಬೇಕಾದರೂ ಇಳಿಸಬಹುದು. ಅದಕ್ಕೊಂದು ಬೀಗದ ಪೆಟ್ಟಿಗೆ ಮಾಡಿಸಿ. ವಿದ್ಯುತ್ ಕಂಪನಿ ಸೆಸ್ಕ್‌ನವರು ರೀಡಿಂಗ್ ನೋಡಲು ಗಾಜಿನ ಕಿಂಡಿ ಇರಲಿ. ಮೀಟರಿನ ಸೀಲ್ ಮುಟ್ಟಬೇಡಿ.

ಪ್ಯಾನೆಲ್ ಪೆಟ್ಟಿಗೆಯೊಳಗಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್. ವ್ಯವಸ್ಥೆ ಸದಾ 200 ಮಿಲಿಆಂಪಿಯರ್ ಎಳೆಯುತ್ತಿದ್ದರೆ ಕಾಗದದ ಲೆಕ್ಕಕ್ಕೆ 35 ಗಂಟೆ. ಬ್ಯಾಟರಿ ಹಳತಾದಂತೆ ಅದು ಅರ್ಧವಾಗುತ್ತದೆ, ಕಾಲಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಬದಲಿಸಲೇಬೇಕು. ಪರೀಕ್ಷೆಗೆ ಆ ಎಂಸಿಬಿ ಇಳಿಸಿ, ಎರಡು ಗಂಟೆ ಬಿಟ್ಟು ಸೈರನ್ ಕೂಗಿಸಿ ನೋಡಿ. ದನಿ ಸೊರಗಿದರೆ ಬ್ಯಾಟರಿಯ ಕತೆ ಮುಗಿದಿದೆ. ಇನ್ವರ್ಟರ್ ಇದ್ದರೆ ಅಲಾರಂ ಮತ್ತು ರೂಟರಿನ ಲೈನು ಅದಕ್ಕೆ ಸೇರಿದೆಯೇ ಕೇಳಿಕೊಳ್ಳಿ. ಬಹುತೇಕ ಸೇರಿರುವುದಿಲ್ಲ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಹೊರಗಿನ ಕ್ಯಾಮೆರಾದ ಕೇಬಲ್ ಹಿಡಿದು ಸಿಡಿಲಿನ ಹೊಡೆತ ಒಳಬರುತ್ತದೆ. ಅರ್ಥಿಂಗ್ ಸರಿಯಿರಲಿ. ಹೆಗ್ಗಣ ಇರುವ ಹಿತ್ತಿಲಲ್ಲಿ ವಯರು ಪೈಪಿನೊಳಗೇ ಹೋಗಲಿ.

ಹಂತ 6: ಸಿಮ್, ವೈಫೈ, ಪಾಸ್‌ವರ್ಡ್

ಪ್ಯಾನೆಲ್ಲಿನೊಳಗೆ ಒಂದು ಸಿಮ್ ಇದೆ, ಅದರ ನಂಬರ್ ನಿಮಗೆ ಗೊತ್ತೇ? ಅದಕ್ಕೆ ಕೊನೆಯ ಸಲ ರೀಚಾರ್ಜ್ ಮಾಡಿದ್ದು ಯಾವಾಗ? ಈ ಎರಡು ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಿದ ಮನೆ ಅಪರೂಪ. 28 ದಿನದ ಪ್ಲಾನ್ ಮುಗಿದ ಸಿಮ್ಮು ಕರೆ ಮಾಡದು. ವರ್ಷದ ಪ್ಲಾನ್ ಹಾಕಿಸಿ, ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಹಳೆಯ ಪ್ಯಾನೆಲ್ಲುಗಳು 2ಜಿ ಮಾತ್ರ ಬಲ್ಲವು. 2ಜಿ ಇಲ್ಲದ ಜಿಯೊ ಸಿಮ್ ಅವುಗಳಲ್ಲಿ ಕೆಲಸ ಮಾಡದು. ಸಿಮ್ ಬದಲಿಸುವ ಮುನ್ನ ಇದನ್ನು ಕೇಳಿ ತಿಳಿಯಿರಿ.

ಬರೀ ವೈಫೈ ನಂಬಿದ ಅಲಾರಂ ಅರ್ಧ ಅಲಾರಂ. ಕೇಬಲ್ ಕಂಬದಿಂದ ಮನೆಗೆ ಬರುವ ಫೈಬರ್ ತಂತಿ ಗೇಟಿನ ಪಕ್ಕದಲ್ಲೇ ಜೋತಾಡುತ್ತಿರುತ್ತದೆ, ಒಂದು ಕತ್ತರಿ ಸಾಕು. ವೈಫೈ ಹೋದರೆ ಸಿಮ್ಮು, ಸಿಮ್ಮು ಹೋದರೂ ಸೈರನ್ನು, ಹೀಗೆ ಮೂರು ದಾರಿ ಇರಲಿ.

ಪಾಸ್‌ವರ್ಡ್ ವಿಷಯ ಚಿಕ್ಕದಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೂಟರುಗಳನ್ನು ವಶಮಾಡಿಕೊಂಡಿತು. ಅದು ಬಳಸಿದ್ದು ಕಾರ್ಖಾನೆಯಿಂದ ಬಂದಾಗ ಇದ್ದ, ಮಾಲೀಕರು ಬದಲಿಸದೇ ಬಿಟ್ಟ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿಯನ್ನು. ಕ್ಯಾಮೆರಾ ಹಾಕಿದವರು ಹೋದ ದಿನವೇ ಪಾಸ್‌ವರ್ಡ್ ಬದಲಿಸಿ. ಆ್ಯಪಿನಲ್ಲಿ ಮುಖ್ಯ ಮಾಲೀಕರ ಖಾತೆ ಯಾರ ನಂಬರಿನಲ್ಲಿದೆ ನೋಡಿ. ಕೆಲಸದವರು ತಮ್ಮ ಫೋನಿನಲ್ಲಿ ತೆರೆದು, ನಿಮಗೆ ನೋಡಲು ಮಾತ್ರ ಅನುಮತಿ ಕೊಟ್ಟು ಹೋಗಿರುವುದುಂಟು. ಅಂಥದ್ದನ್ನು ಅಳಿಸಿ, ಹೊಸದಾಗಿ ನಿಮ್ಮ ಹೆಸರಿನಲ್ಲಿ ತೆರೆಸಿ. ಈ ಕೆಲಸ ಮಾಡುವ ನಾನೇ ಇದನ್ನು ಹೇಳುತ್ತಿದ್ದೇನೆ, ಸಂಕೋಚಪಡಬೇಡಿ, ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ.

ಹಂತ 7: ಕ್ಯಾಮೆರಾ

ಕ್ಯಾಮೆರಾ ಕಂಡದ್ದನ್ನು ತುಂಬಿಕೊಳ್ಳುವ ರೆಕಾರ್ಡರ್ ಪೆಟ್ಟಿಗೆ ಟಿವಿ ಪಕ್ಕ, ಷೋಕೇಸಿನಲ್ಲಿ ಮಿನುಗುತ್ತಾ ಕೂತಿದ್ದರೆ ಹೋಗುವವರು ಅದನ್ನೂ ಹೊತ್ತುಕೊಂಡು ಹೋಗುತ್ತಾರೆ. ಗಾಳಿಯಾಡುವ, ಕಣ್ಣಿಗೆ ಬೀಳದ ಬೀಗದ ಗೂಡಿಗೆ ಸರಿಸಿ. ಗೇಟಿನ ಕ್ಯಾಮೆರಾ ಒಂದನ್ನಾದರೂ ಮನೆಯ ಹೊರಗಿನ ಇಂಟರ್ನೆಟ್ ಸಂಗ್ರಹಕ್ಕೆ ಕಳಿಸುವಂತೆ ಮಾಡಿ. ಕ್ಯಾಮೆರಾ ಒಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಹಿಡಿದರೆ ನಾಲ್ಕು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕು 11 ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುವಾಗುತ್ತದೆ. 15 ದಿನದ ಪ್ರವಾಸ ಮುಗಿಸಿ ಬರುವವರಿಗೆ ಅದು ಸಾಲದು.

ಸೂರಿನಂಚಿಗೆ ಏರಿಸಿದ ಕ್ಯಾಮೆರಾಕ್ಕೆ ತಲೆ, ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಬಾಗಿಲ ಹತ್ತಿರ ಒಂದಾದರೂ ಮುಖದ ಮಟ್ಟದಲ್ಲಿರಲಿ. ರಾತ್ರಿ ದೃಶ್ಯವನ್ನು ಕೂತು ನೋಡಿ, ಜೇಡರ ಬಲೆಗೆ ಬೆಳಕು ಬಡಿದು ಬರೀ ಬಿಳಿ ಮಸುಕು ಕಾಣುತ್ತಿರಬಹುದು. ಕೋತಿಗಳ ಓಡಾಟವಿರುವ ಕಡೆ ಕ್ಯಾಮೆರಾ ಆಕಾಶಕ್ಕೆ ತಿರುಗಿರುವುದೂ ಉಂಟು. ಗಡಿಯಾರ ಸರಿ ಮಾಡಿ. ದೃಶ್ಯ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಲು ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಸಮಯವೇ ತಪ್ಪಿದ್ದರೆ ಅಲ್ಲೇ ತೊಡಕು. ಹೊಸದು ಕೊಳ್ಳುವವರು ಗಮನಿಸಿ: 2025ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ಗೊತ್ತುಮಾಡಿದ ಸುರಕ್ಷತಾ ಪರೀಕ್ಷೆಯನ್ನು ದಾಟಿರಬೇಕು. ಹಳೆಯ ದಾಸ್ತಾನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಎದುರು ಮನೆಯ ಬಾಗಿಲು, ಪಕ್ಕದವರ ಬಚ್ಚಲ ಕಿಟಕಿ ನಿಮ್ಮ ಕ್ಯಾಮೆರಾದಲ್ಲಿ ಬರಬಾರದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಅಲಾರಂ ಕೂಗಿದಾಗ ಓಡಿಬರಬೇಕಾದವರು ಅದೇ ನೆರೆಯವರು. ಅವರ ಮನಸ್ಸು ಮುರಿದುಕೊಂಡು ಯಾವ ಕ್ಯಾಮೆರಾ ಹಾಕಿಯೂ ಫಲವಿಲ್ಲ.

ಹಂತ 8: ಕೂಗಿದರೆ ಬರುವವರು ಯಾರು?

ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಐದು ಹೆಸರು ಬರೆಯಿರಿ. ಮನೆಗೆ ಐದು ನಿಮಿಷದಲ್ಲಿ ನಡೆದು ಬರಬಲ್ಲವರು ಮಾತ್ರ. ಬೆಂಗಳೂರಿನಲ್ಲಿರುವ ಮಗ, ಅಮೆರಿಕದಲ್ಲಿರುವ ಮಗಳು ಈ ಪಟ್ಟಿಗೆ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಪ್ಯಾನೆಲ್ಲು ಮೊದಲು ಕರೆ ಮಾಡುವುದು ಮಗನಿಗೇ. ಅವನು ಮೀಟಿಂಗಿನಲ್ಲಿದ್ದರೆ, ಫೋನು ಸೈಲೆಂಟಿನಲ್ಲಿದ್ದರೆ, ಸುದ್ದಿ ಅಲ್ಲೇ ಉಳಿಯಿತು. ಮೊದಲ ಕರೆ ಎದುರುಮನೆಗೆ, ಎರಡನೆಯದು ಬೀದಿಯ ಇನ್ನೊಬ್ಬರಿಗೆ, ಆಮೇಲೆ ಮಕ್ಕಳಿಗೆ ಹೋಗುವಂತೆ ಕ್ರಮ ಬದಲಿಸಿ. ಆ ಐದೂ ಜನರ ಮನೆಗೆ ನೀವೇ ಹೋಗಿ ಕೇಳಿ. ಅವರಿಗೊಂದು ಮಾತು ಸ್ಪಷ್ಟವಾಗಿ ಹೇಳಿಬನ್ನಿ: "ಒಬ್ಬರೇ ಒಳಗೆ ಹೋಗಬೇಡಿ. ದೀಪ ಹಾಕಿ, ಜೋರಾಗಿ ಕೂಗಿ, 112ಕ್ಕೆ ಫೋನ್ ಮಾಡಿ." ಕಳ್ಳರು ಓಡಿಹೋದರೆ ಸಾಕು, ಯಾರಿಗೂ ಗಾಯವಾಗಬಾರದು.

ದೂರ ಇಮ್ಮಡಿಯಾದಾಗಲೆಲ್ಲ ಸೈರನ್ನಿನ ದನಿ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ 110 ಡೆಸಿಬೆಲ್ ಒಂದು ಮೀಟರ್ ದೂರದ ಲೆಕ್ಕ. 20 ಮೀಟರ್ ಆಚೆ ಅದು 84ರ ಆಸುಪಾಸು, ಕಿಟಕಿ ಮುಚ್ಚಿ ಫ್ಯಾನ್ ಹಾಕಿ ಮಲಗಿದವರಿಗೆ ಇನ್ನೂ ಕಡಿಮೆ. ಒಳಗೊಂದು, ಹೊರಗೊಂದು ಸೈರನ್ ಇರಲಿ. ಹೊರಗಿನದು ಏಣಿ ಇಲ್ಲದೆ ಕೈಗೆಟುಕಬಾರದು, ಪೆಟ್ಟಿಗೆ ಬಿಚ್ಚಿದರೂ ವಯರು ಕತ್ತರಿಸಿದರೂ ಕೂಗುವಂಥದ್ದಾಗಿರಬೇಕು. ನೆರೆಯವರಿಗೆ ಮೊದಲೇ ಹೇಳಿ, ಎಲ್ಲರೂ ಮನೆಯಲ್ಲಿರುವ ಒಂದು ಸಂಜೆ ನಿಜವಾಗಿ ಕೂಗಿಸಿ. ಗಡಿಯಾರ ಹಿಡಿದು ನಿಲ್ಲಿ. ಮೊದಲನೆಯವರು ಗೇಟಿಗೆ ಬರುವಾಗ ಎಷ್ಟು ನಿಮಿಷವಾಯಿತೋ ಅದನ್ನು ಬರೆದುಕೊಳ್ಳಿ. ನಿಮ್ಮ ಬಾಗಿಲು ತಡೆಯಬೇಕಾದ ಹೊತ್ತು ಅದೇ.

ವಯಸ್ಸಾದವರು ಇಬ್ಬರೇ ಇರುವ ಮನೆ ಮೈಸೂರಿನಲ್ಲಿ ಬೇಕಾದಷ್ಟಿವೆ. ಅವರಿಗೆ ಮಂಚದ ಪಕ್ಕ ಒತ್ತುವ ತುರ್ತು ಗುಂಡಿ ಬೇಕು, ಆ್ಯಪ್ ಅಲ್ಲ. ಅಜ್ಜಿ ಕತ್ತಲಲ್ಲಿ, ಕನ್ನಡಕ ಇಲ್ಲದೆ ಅದನ್ನು ಒತ್ತಬಲ್ಲರೇ ಎಂದು ಅವರಿಂದಲೇ ಒತ್ತಿಸಿ ನೋಡಿ.

ಹಂತ 9: ಊರಿಗೆ ಹೊರಡುವ ಹಿಂದಿನ ದಿನ

ಹಾಲು, ಪೇಪರ್ ನಿಲ್ಲಿಸಲು ಹೇಳಿ. ಮನೆಮುಂದೆ ಮೂರು ದಿನ ರಂಗೋಲಿ ಇಲ್ಲದಿದ್ದರೆ ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗುತ್ತದೆ. ಪಕ್ಕದ ಮನೆಯವರಿಗೋ ಕೆಲಸದಮ್ಮನಿಗೋ ಹೇಳಿ ಬಾಗಿಲಿಗೆ ನೀರು ಹಾಕಿಸಿ, ರಂಗೋಲಿ ಬಿಡಿಸಿ. ಹೊರದೀಪ ಹಗಲೂ ಉರಿದರೆ ಅದೂ ಸುಳಿವು, ಕತ್ತಲಾದಾಗ ತಾನೇ ಹತ್ತುವ ಬಲ್ಬ್ ಹಾಕಿ. ಧರ್ಮಸ್ಥಳದ ಫೋಟೊಗಳನ್ನು ಸ್ಟೇಟಸ್ಸಿಗೆ ಹಾಕುವುದು ಮನೆಗೆ ಬಂದ ಮೇಲೆ. ಬೀಗ ಹಾಕಿದ ಮನೆಗಳ ಮೇಲೆ ಬೀಟ್ ಪೊಲೀಸರು ಕಣ್ಣಿಡುತ್ತಾರೆ. ಹೋಗುವ, ಬರುವ ದಿನ ಹತ್ತಿರದ ಠಾಣೆಗೆ ತಿಳಿಸಿ. ದಸರಾ ರಜೆಯಲ್ಲಿ ಊರಿಗೆ ಊರೇ ಜನರಿಂದ ತುಂಬಿರುವಾಗ ಇದನ್ನು ಮರೆಯಲೇಬೇಡಿ.

ಒಡವೆ ಬೀರುವಿನಲ್ಲಿ, ಬೀರುವಿನ ಕೀ ಬೀರುವಿನ ಮೇಲೆ ಎಂಬ ಸ್ಥಿತಿ ಇದ್ದರೆ ಮೇಲಿನ ಎಂಟೂ ಹಂತ ನೀರಿನಲ್ಲಿ ಹೋಮ. ದಿನ ತೊಡದ ಒಡವೆ ಬ್ಯಾಂಕ್ ಲಾಕರಿನಲ್ಲಿರಲಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ದರೋಡೆ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕು ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಹೊಣೆ. ಒಡವೆಯ ಬೆಲೆ ಅದಕ್ಕಿಂತ ಹೆಚ್ಚಾದರೆ ಪ್ರತ್ಯೇಕ ವಿಮೆ ಮಾಡಿಸಿ.

ಹಂತ 10: ವಾಪಸು ಬಂದಾಗ ಬೀಗ ಮುರಿದಿದ್ದರೆ

ಒಳಗೆ ಕಾಲಿಡಬೇಡಿ. ಯಾರಾದರೂ ಇನ್ನೂ ಒಳಗೇ ಇರಬಹುದು. ಗೇಟಿನಿಂದ ಆಚೆ ಬಂದು 112ಕ್ಕೆ ಕರೆ ಮಾಡಿ. ಪೊಲೀಸರು, ಬೆರಳಚ್ಚು ತಜ್ಞರು ನೋಡುವ ತನಕ ಬೀರು, ಚಿಲಕ, ಚೆಲ್ಲಾಪಿಲ್ಲಿಯಾದ ಬಟ್ಟೆ ಯಾವುದನ್ನೂ ಮುಟ್ಟಬೇಡಿ. ಕಸ ಗುಡಿಸುವುದು ಆಮೇಲೆ. ಅವರು ಅನುಮತಿಸಿದ ಕೂಡಲೇ ರೆಕಾರ್ಡರಿನ ದೃಶ್ಯವನ್ನು ಬೇರೆ ಡಿಸ್ಕಿಗೆ ಇಳಿಸಿ, ಇಲ್ಲವಾದರೆ ಅದು ತನ್ನ ಪಾಡಿಗೆ ಅಳಿಸಿಕೊಳ್ಳುತ್ತದೆ. ಹೋದ ವಸ್ತುಗಳ ಪಟ್ಟಿ ಕೇಳುತ್ತಾರೆ. ಆ ಗಾಬರಿಯಲ್ಲಿ ಅಮ್ಮನ ಕಾಲದ ಸರದ ತೂಕ ನೆನಪಿಗೆ ಬರುವುದಿಲ್ಲ. ಆದ್ದರಿಂದ ಇವತ್ತಿನ ಕೆಲಸ ಮುಗಿಸುವ ಮುನ್ನ ಒಡವೆಗಳ ಫೋಟೊ ತೆಗೆದು, ಬಿಲ್ಲುಗಳ ಜೊತೆ, ಟಿವಿ ಲ್ಯಾಪ್‌ಟಾಪುಗಳ ಸೀರಿಯಲ್ ನಂಬರ್ ಸಮೇತ ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳಿಸಿಡಿ.